ದೂರಸ್ಥ ಗಣಕಯಂತ್ರದ ಸಂಪರ್ಕಭಂಗ: ಕಾರಣವಿಚಾರ

ಒಂದು ಗಣಕಯಂತ್ರದ ತೆರೆಯನ್ನು ಬೇರೊಂದು ಊರಿನಲ್ಲಿ ಕುಳಿತು ನೋಡಿ, ಅಲ್ಲಿಯ ಕಡತಗಳನ್ನು ಇಲ್ಲಿಂದಲೇ ತಿದ್ದುವ ಸೌಕರ್ಯಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯವರು 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ಇದನ್ನು ಹೊರತಂದರು. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ಲಿನಿಂದ ಇದು ಸಾಮಾನ್ಯ ಮೇಜಿನ ಯಂತ್ರಗಳಿಗೂ ಬಂದಿತು. ಶಾಸನಗಳ ಪಡಿಯಚ್ಚುಗಳನ್ನು ಕಚೇರಿಯ ಯಂತ್ರದಲ್ಲಿರಿಸಿ ಊರಿನಿಂದ ಅವನ್ನೋದುವ ನಮ್ಮಂಥವರಿಗೆ ಈ ಸಂಪರ್ಕವು ತಪ್ಪಿದರೆ ಆ ದಿನದ ವ್ಯಾಸಂಗವು ನಿಂತಂತೆಯೇ ಸರಿ.

ಸಂಪರ್ಕವಾಗಲಿಲ್ಲವೆಂಬ ಫಲವು ಒಂದೇ ಆದರೂ ಕಾರಣಗಳು ಹಲವು. ಆದುದರಿಂದ ನಮ್ಮ ಕೋರಿಕೆಯು ಎಲ್ಲಿಯವರೆಗೆ ಹೋಗಿ ನಿಂತಿತೆಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಯಂತ್ರದ ಹೆಸರೇ ದೊರೆಯದಿದ್ದರೆ ದೋಷವು ವಿಳಾಸದಲ್ಲಿರುವುದು. ಆಚೆಯ ಯಂತ್ರವು ಗುಪ್ತಪದವನ್ನು ತಿರಸ್ಕರಿಸಿತೆಂದರೆ ದಾರಿಯು ಸರಿಯಾಗಿದೆಯೆಂದೇ ಅರ್ಥ. ದಾರಿಯ ಪರೀಕ್ಷೆಗೆ ಅನೇಕರು ಪಿಂಗ್ ಎಂಬ ಆಜ್ಞೆಯನ್ನು ನೆಚ್ಚುವರು. ಇದು ಸಾಲದು. ರಕ್ಷಣಾಗೋಡೆಯು, ಎಂದರೆ ಫೈರ್‌ವಾಲು, ಪಿಂಗಿಗೆ ಉತ್ತರ ಕೊಡದೆಯೂ ರಿಮೋಟ್ ಡೆಸ್ಕ್‌ಟಾಪಿಗೆ ಎಡೆಗೊಡಬಹುದು. ಇದಕ್ಕೆ ವಿಪರೀತವಾಗಿಯೂ ನಡೆಯಬಹುದು. ಈ ಸಂಪರ್ಕಕ್ಕೆ ಗೊತ್ತಾದ ದ್ವಾರ, ಎಂದರೆ ಪೋರ್ಟು, 3389. ಪವರ್‌ಶೆಲ್ಲಿನ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಆ ಸಂಖ್ಯೆಯನ್ನು ಕೊಟ್ಟು ಕೇಳಿದರೆ ದ್ವಾರವು ತೆರೆದಿದೆಯೋ ಇಲ್ಲವೋ ತಿಳಿದುಬರುವುದು.

ಕಳೆದ ಮಳೆಗಾಲದಲ್ಲಿ ನಾವು ಎರಡು ದಿನ ರೌಟರನ್ನೂ ರಕ್ಷಣಾಗೋಡೆಯನ್ನೂ ದೂರುತ್ತ ಕುಳಿತಿದ್ದೆವು. ಕಡೆಗೆ ಕಚೇರಿಯ ಸೇವಕನು ಮೌಸನ್ನು ಅಲುಗಿಸಿದೊಡನೆ ಸಂಪರ್ಕವು ತಾನಾಗಿ ಕೂಡಿತು! ಯಂತ್ರವು ನಿದ್ರಾವಸ್ಥೆಯಲ್ಲಿದ್ದಿತು. ಇಂಥ ಯಂತ್ರಗಳಲ್ಲಿ ನಿದ್ರೆಯ ಏರ್ಪಾಡನ್ನು ತೆಗೆದುಹಾಕುವುದೇ ಮೇಲು. ರೌಟರು ಯಂತ್ರಕ್ಕೆ ಹೊಸ ವಿಳಾಸವನ್ನು ಹಂಚಿರುವಾಗ ಹಳೆಯದನ್ನೇ ಕರೆಯುತ್ತಿರುವುದೂ ಉಂಟು.

ವಿಂಡೋಸಿನ ಹೋಮ್ ಆವೃತ್ತಿಯು ಬೇರೆ ಯಂತ್ರವನ್ನು ಈ ಬಗೆಯಲ್ಲಿ ಕರೆಯಬಲ್ಲುದು, ತಾನು ಕರೆಯಿಸಿಕೊಳ್ಳಲಾರದು. ಪ್ರೋ ಆವೃತ್ತಿಯಲ್ಲಿಯೂ ಈ ಅನುಮತಿಯನ್ನು ನಾವೇ ಕೊಡಬೇಕು. 192.168 ಎಂದು ಮೊದಲಾಗುವ ವಿಳಾಸವು ಮನೆಯೊಳಗಿನ ಹೆಸರಿನಂತೆ. ಹೊರಗಿನಿಂದ ಕೂಗಿದರೆ ಮುಟ್ಟದು. ಇದಕ್ಕೆ ಕೆಲವರು ರೌಟರಿನಲ್ಲಿ 3389ನ್ನು ಲೋಕಕ್ಕೆಲ್ಲ ತೆರೆದಿಡುವರು. ಇದನ್ನು ನಾವು ಸರ್ವಥಾ ಒಪ್ಪಲಾರೆವು. 2019ರ ಮೇ ತಿಂಗಳಿನಲ್ಲಿ ಪ್ರಕಟವಾದ ಬ್ಲೂಕೀಪ್ ಎಂಬ ದೋಷವು ಹಳೆಯ ವಿಂಡೋಸುಗಳಲ್ಲಿ ಗುಪ್ತಪದವಿಲ್ಲದೆಯೇ ಪ್ರವೇಶಕ್ಕೆ ಎಡೆಮಾಡುವಂತಹದಾಗಿದ್ದು, ಬೆಂಬಲ ನಿಂತಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟಿನವರು ತೇಪೆಯನ್ನು ಕೊಡಬೇಕಾಯಿತು. ವಿಪಿಎನ್ ಎಂಬ ಖಾಸಗಿ ಸುರಂಗದ ಮೂಲಕ ಹೋಗುವುದೇ ಯುಕ್ತವಾದ ಮಾರ್ಗ.

ಗುರುತಿನ ಹಂತದ ತೊಡಕುಗಳು ಸೂಕ್ಷ್ಮವಾದುವು. ತನ್ನ ಯಂತ್ರದ ಮುಂದೆ ದಿನವೂ ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವವನು ದೂರದಿಂದಲೂ ಅದನ್ನೇ ಕೊಟ್ಟು ಬೇಸರಗೊಳ್ಳುವನು. ಆ ಪಿನ್ ಆ ಯಂತ್ರಕ್ಕೆ ಮಾತ್ರವೇ ಸಲ್ಲುವುದಾದ್ದರಿಂದ ಇಲ್ಲಿ ಖಾತೆಯ ಗುಪ್ತಪದವೇ ಬೇಕು. ಗುಪ್ತಪದವೇ ಇಲ್ಲದ ಖಾತೆಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. 2018ರ ಮೇ ತಿಂಗಳಿನಲ್ಲಿ ಕ್ರೆಡ್‌ಎಸ್‌ಎಸ್‌ಪಿ ಎಂಬ ಗುರುತಿನ ಕ್ರಮದ ತಿದ್ದುಪಡಿಯಿಂದಾಗಿ, ಹೊಸದಾಗಿ ತಿದ್ದಿದ ಯಂತ್ರಗಳು ತಿದ್ದದ ಯಂತ್ರಗಳೊಡನೆ ಸಂಪರ್ಕವನ್ನೇ ನಿರಾಕರಿಸಿದುವು. ಆಗ ಬಹುಮಂದಿ ತಮ್ಮ ಕಡೆಯ ಕಟ್ಟುಪಾಡನ್ನು ಸಡಿಲಿಸಿದರು. ಆಚೆಯ ಯಂತ್ರವನ್ನು ತಿದ್ದುವುದೇ ಸರಿಯಾದ ಪರಿಹಾರವಾಗಿದ್ದಿತು.

ಸಂಪರ್ಕವು ನಡುವೆ ಕಡಿದುಹೋದರೆ ಗಾಬರಿಗೆ ಕಾರಣವಿಲ್ಲ. ತೆರೆದಿಟ್ಟ ಕಡತವು ಆಚೆಯ ಯಂತ್ರದಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಮತ್ತೆ ಒಳಹೊಕ್ಕಾಗ ಅರ್ಧಕ್ಕೆ ಬಿಟ್ಟ ಸಾಲು ಅಲ್ಲಿಯೇ ಕಾಣುವುದು. ಕೆಲಸ ಮುಗಿದಾಗ ಮರೆತು ಯಂತ್ರವನ್ನೇ ಆರಿಸಿಬಿಟ್ಟರೆ ಮಾತ್ರ, ಯಾರಾದರೂ ಹೋಗಿ ಗುಂಡಿಯೊತ್ತುವವರೆಗೆ ಕಾಯಬೇಕಾಗುವುದು.