‘ಹೇಗನ್ನಿಸ್ತಿದೆ?’ ಎಂದರೆ ಏನು ಹೇಳಲಿ?

‘ಸುತ್ತ ಯಾರೂ ಇಲ್ಲದಾಗ ನಿಮಗೆ ದನಿಗಳು ಕೇಳಿಸುತ್ತವೆಯೇ?’ ಮನೋವೈದ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಆಟಿಸಂ ಇರುವ ವಯಸ್ಕರೊಬ್ಬರು ಮಾತನ್ನು ಅಕ್ಷರಶಃ ಹಿಡಿದು ‘ಹೌದು’ ಎಂದುಬಿಡಬಹುದು. ಪಕ್ಕದ ಮನೆಯ ಟಿ.ವಿ., ಬೀದಿಯಲ್ಲಿ ಸೊಪ್ಪಿನವಳ ಕೂಗು, ಮಹಡಿ ಮೇಲಿನ ಜಗಳ ಎಲ್ಲವೂ ಒಬ್ಬರೇ ಕೂತಾಗ ಕೇಳಿಸುತ್ತವೆ ತಾನೆ? ವೈದ್ಯರು ಇನ್ನೊಂದು ಪ್ರಶ್ನೆ ಕೇಳದೆ ಬರೆದುಕೊಂಡರೆ, ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾದೀತು.

ಆಟಿಸಂ, ಅಂದರೆ ಸ್ವಲೀನತೆ, ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಅದಕ್ಕೆ ಮದ್ದಿಲ್ಲ. ಆದರೆ ಅದರ ಜೊತೆಗೆ ಬರುವ ಆತಂಕ, ಖಿನ್ನತೆಗಳಿಗೆ ಚಿಕಿತ್ಸೆ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದರ ಪ್ರಕಾರ, ಆಟಿಸಂ ಇರುವ ವಯಸ್ಕರಲ್ಲಿ ಸುಮಾರು ಶೇ 42ರಷ್ಟು ಮಂದಿಯನ್ನು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಆತಂಕದ ಕಾಯಿಲೆ ಕಾಡುತ್ತದೆ. ಖಿನ್ನತೆ ಶೇ 37ರಷ್ಟು ಮಂದಿಯನ್ನು. ಇಷ್ಟು ಜನ ಆಸ್ಪತ್ರೆಯ ಬಾಗಿಲಿಗೆ ಬಂದರೂ ಒಳಗಿನ ಮಾತುಕತೆ ಅವರಿಗೆ ಹೊಂದುವುದಿಲ್ಲ.

ಹೊಂದದಿರಲು ಒಂದು ಕಾರಣ ‘ಅಲೆಕ್ಸಿಥೈಮಿಯಾ’. ತನ್ನ ಭಾವನೆ ಯಾವುದೆಂದು ಗುರುತಿಸಿ ಹೆಸರಿಡಲು ಆಗದ ಸ್ಥಿತಿಗೆ 1970ರ ದಶಕದಲ್ಲಿ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಕೊಟ್ಟ ಹೆಸರು ಅದು. ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದಿದೆ. ಆಟಿಸಂ ಇಲ್ಲದವರಲ್ಲಿ ಇಪ್ಪತ್ತಕ್ಕೆ ಒಬ್ಬರಿಗೆ. ನಮ್ಮ ಕನ್ನಡವೇ ಭಾವನೆಯನ್ನು ಮೈಯಲ್ಲಿ ಇಟ್ಟಿದೆ. ಎದೆ ಧಸಕ್ಕೆನ್ನುತ್ತದೆ, ಹೊಟ್ಟೆ ಉರಿಯುತ್ತದೆ, ‘ಸಂಕಟ’ ಎಂದರೆ ಹೊಟ್ಟೆಯದ್ದೋ ಮನಸ್ಸಿನದ್ದೋ ಹೇಳಲಾಗದು. ಮೈಯ ಈ ಸುದ್ದಿಯೇ ಸರಿಯಾಗಿ ತಲುಪದವರನ್ನು ‘ಹೇಗನ್ನಿಸ್ತಿದೆ?’ ಎಂದು ಕೇಳಿದರೆ ಮೌನವೇ ಉತ್ತರ. ‘ನಿನ್ನೆ ಎಷ್ಟು ಗಂಟೆ ಮಲಗಿದಿರಿ? ಕೊನೆಯ ಬಾರಿ ಸ್ನಾನ ಮಾಡಿದ್ದು ಯಾವತ್ತು?’ ಎಂದರೆ ಪಟಪಟನೆ ಹೇಳಿಯಾರು.

ಖಿನ್ನತೆಯನ್ನು ಅಳೆಯಲು 2001ರಿಂದ ಜಗತ್ತಿನೆಲ್ಲೆಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಪಟ್ಟಿಯಲ್ಲಿ ಇನ್ನೊಂದು ತೊಡಕು. ನಿದ್ದೆ, ಊಟ, ಚಡಪಡಿಕೆಗಳ ಬಗ್ಗೆ ಅದು ಕೇಳುತ್ತದೆ. ಚಿಕ್ಕಂದಿನಿಂದ ನಾಲ್ಕೇ ಬಗೆಯ ಊಟ ಮಾಡುತ್ತ, ಕೂತಲ್ಲೇ ತೂಗಾಡುತ್ತ ಬೆಳೆದವರಿಗೆ ಇಂಥವಕ್ಕೂ ಅಂಕ ಬೀಳಬಹುದು. ಮೊದಲು ಹೇಗಿದ್ದರು, ಈಗ ಏನು ಬದಲಾಗಿದೆ ಎಂದು ತಿಳಿಯದೆ ಆ ಅಂಕಕ್ಕೆ ಅರ್ಥವಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದಿರುವುದನ್ನು ವೈದ್ಯರು ಖಿನ್ನತೆಯೆಂದು ಓದಿದರೂ ಹಾಗೇ.

ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಈ ಗೊಂದಲದ ಇನ್ನೊಂದು ಮಗ್ಗುಲನ್ನು ತೋರಿಸಿದರು. ಆಟಿಸಂ ಇರುವವರು ನಮ್ಮನ್ನು ಅರಿಯಲಾರರು ಎಂದು ನಾವು ಹೇಳುತ್ತ ಬಂದಿದ್ದೇವೆ. ನಾವೂ ಅವರನ್ನು ಅಷ್ಟೇ ಅರಿಯದವರು. ಅದೇ ವರ್ಷ ಇಂಗ್ಲೆಂಡಿನ ನೈಸ್ ಎಂಬ ಆರೋಗ್ಯ ಸಂಸ್ಥೆ ವೈದ್ಯರಿಗೆ ಕೊಟ್ಟ ಮಾರ್ಗಸೂಚಿ ಸರಳವಾಗಿದೆ: ಉಪಮೆ, ಒಗಟು ಬೇಡ, ಹೇಳಬೇಕಾದ್ದನ್ನು ಬರೆದು, ಚಿತ್ರ ಬಿಡಿಸಿ ತೋರಿಸಿ, ನಡುವೆ ಬಿಡುವು ಕೊಡಿ. ಔಷಧದ ಅಡ್ಡಪರಿಣಾಮ ಇವರಿಗೆ ಹೆಚ್ಚಾಗಬಹುದು, ಆದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಿ.

ನಮ್ಮಲ್ಲಿ ಆಟಿಸಂ ಎಂದರೆ ಇನ್ನೂ ಮಕ್ಕಳ ವಿಷಯ. ಮಗುವನ್ನು ತೋರಿಸಲು ಹೋದ ಅಪ್ಪನಿಗೆ ವೈದ್ಯರ ಪ್ರಶ್ನೆಗಳಲ್ಲಿ ತನ್ನ ಬಾಲ್ಯವೇ ಕಾಣುವುದುಂಟು. ಮುಂದೆ ಅವನು ಯಾರ ಬಳಿ ಹೋಗಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ, ವಯಸ್ಸಿನ ಮಿತಿ ಹಾಕಿಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಫೋನ್ ಮಾಡುವುದೆಂದರೇ ಬೆವರುವವರು ಇವರಲ್ಲಿ ಬಹಳ ಮಂದಿ!

ಅಂಥವರು ಮೊದಲೇ ಒಂದು ಹಾಳೆ ಬರೆದಿಟ್ಟುಕೊಂಡು ಹೋಗಬಹುದು: ಯಾವ ಬೆಳಕು, ಯಾವ ಸದ್ದು ತಡೆಯಲಾಗದು, ಉತ್ತರಿಸಲು ಎಷ್ಟು ಹೊತ್ತು ಬೇಕು, ಮುಟ್ಟಬೇಕಾದರೆ ಹೇಳಿ ಮುಟ್ಟಿ. ಜೊತೆಗೆ ವೈದ್ಯರಿಗೊಂದು ಪ್ರಶ್ನೆ: ‘ಆಟಿಸಂ ಇರುವ ದೊಡ್ಡವರನ್ನು ಮೊದಲು ನೋಡಿದ್ದೀರಾ?’ ‘ಇಲ್ಲ, ನೀವೇ ಹೇಳಿ’ ಎನ್ನುವ ವೈದ್ಯರು ಸಿಕ್ಕರೂ ನಡೆದೀತು. ‘ನಿಮ್ಮನ್ನು ನೋಡಿದರೆ ಹಾಗನ್ನಿಸುವುದಿಲ್ಲವಲ್ಲ’ ಎಂದು ನಕ್ಕರೆ ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬೇರೆ ಬಾಗಿಲು ಹುಡುಕಬೇಕು.