ಹೊಳೆಬದಿಯ ಸಮದಾರಿಯಲ್ಲಿ ಸೈಕಲು



"ಫಾದರ್, ದಿನವಿಡೀ ತೋಟದಲ್ಲಿ ದುಡಿಯುವ ನಮಗೆ ಮತ್ತೆ ವ್ಯಾಯಾಮ ಯಾಕೆ?" ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ದಿನಾಲೂ ನಡೆಯಿರಿ ಎಂದು ಡಾಕ್ಟರರು ಹೇಳಿದರೂ ಮೊಣಕಾಲು ಕೇಳುತ್ತಿರಲಿಲ್ಲ. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಅಡಿಕೆ ಕೊಯ್ಯಲು ಬೇರೆ ಜನ ಬರುತ್ತಾರೆ, ನೀರಿಗೆ ಪಂಪು ಇದೆ, ಪೇಟೆಗೆ ಹೋಗಲು ಸ್ಕೂಟರು ಇದೆ. ನಮಗೆ ತಿಳಿಯದಂತೆಯೇ ಕೈಕಾಲಿನ ಕೆಲಸ ಕಡಿಮೆಯಾಗಿದೆ. ಈ ಮಾತನ್ನು ಅವರಿಗೆ ಹೇಳುವ ಧೈರ್ಯ ನಮಗೂ ಇರಲಿಲ್ಲ, ಯಾಕೆಂದರೆ ನಾವೂ ಸೈಕಲು ಬಿಟ್ಟು ಇಪ್ಪತ್ತು ವರ್ಷಗಳಾಗಿದ್ದವು.

2023ರ ಆಗಸ್ಟಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರಿಚಿತರ ಮನೆಯಲ್ಲಿ ಕೆಲವು ವಾರ ಉಳಿಯುವ ಅವಕಾಶ ಒದಗಿತು. ಅಲ್ಲಿ ಎರವಲು ಸೈಕಲಿನಲ್ಲಿ ಫಾಕ್ಸ್ ನದಿಯ ದಡದುದ್ದಕ್ಕೂ ತಿರುಗಾಡಿದೆವು. ಕಂಡದ್ದನ್ನೂ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ರೈಲು ನಿಂತ ಮೇಲೆ

ಫಾಕ್ಸ್ ನದಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಒಟ್ಟಾವ ಎಂಬ ಊರಿನಲ್ಲಿ ಇಲಿನಾಯ್ ನದಿಯನ್ನು ಸೇರುತ್ತದೆ. ಶಿಕಾಗೋ ನಗರದ ಪಶ್ಚಿಮಕ್ಕೆ ಅರೋರಾ, ಬಟೇವಿಯ, ಜೆನೀವ, ಸೇಂಟ್ ಚಾರ್ಲ್ಸ್, ಎಲ್ಜಿನ್, ಅಲ್ಗಾಂಕ್ವಿನ್ ಎಂಬ ಊರುಗಳು ಇದರ ದಡದಲ್ಲಿ ಮಣಿ ಪೋಣಿಸಿದಂತೆ ಇವೆ. ಇವೆಲ್ಲವನ್ನೂ ಕೂಡಿಸುವ, ಐವತ್ತು ಕಿಲೋಮೀಟರಿಗೂ ಮೀರಿದ ಸೈಕಲು ದಾರಿ ಅಲ್ಲಿದೆ. ಅದರ ಬಹುಭಾಗದಲ್ಲಿ ಕಾರು, ಲಾರಿಗಳಿಗೆ ಪ್ರವೇಶವಿಲ್ಲ. ದಾರಿಯ ಕೆಲವು ಭಾಗಗಳು ಒಂದು ಕಾಲದಲ್ಲಿ ವಿದ್ಯುತ್ ರೈಲು ಓಡುತ್ತಿದ್ದ ಜಾಗ. ರೈಲು ಕಡಿದಾದ ಏರು ಹತ್ತಲಾರದು. ಆದುದರಿಂದ ಹಳಿ ಕಿತ್ತ ದಾರಿಯಲ್ಲಿ ನೂರು ಅಡಿಗೆ ಎರಡು ಅಡಿಗಿಂತ ಹೆಚ್ಚಿನ ಏರು ಅಪರೂಪ. ಅರುವತ್ತು ದಾಟಿದವರು ಅಲ್ಲಿ ನಿರಾಯಾಸವಾಗಿ ತುಳಿಯುವ ಗುಟ್ಟು ಇದೇ.

ಇದಕ್ಕೆ ತಾಗಿಕೊಂಡು ಸುಮಾರು 100 ಕಿಲೋಮೀಟರಿನ 'ಇಲಿನಾಯ್ ಪ್ರೇರಿ ಪಾತ್' ಎಂಬ ಇನ್ನೊಂದು ದಾರಿಯಿದೆ. ಅದು ಹುಟ್ಟಿದ್ದು ಒಂದು ಪತ್ರದಿಂದ. ಅಲ್ಲಿನ ರೈಲು ಕಂಪೆನಿಯೊಂದು 1957ರಲ್ಲಿ ಪ್ರಯಾಣಿಕರ ಸೇವೆಯನ್ನು ನಿಲ್ಲಿಸಿತು. ಮುಳ್ಳು ಬೆಳೆಯತೊಡಗಿದ ಆ ಜಾಗವನ್ನು ಜನರು ನಡೆದಾಡಲು ಉಳಿಸಿಕೊಳ್ಳೋಣ ಎಂದು ಮೇ ವಾಟ್ಸ್ ಎಂಬ ಸಸ್ಯಶಾಸ್ತ್ರ ಬಲ್ಲ ಮಹಿಳೆ 1963ರಲ್ಲಿ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಗೆ ಬರೆದರು. ಊರವರು ಕೈಗೂಡಿಸಿದರು, ಕೆಲಸವೂ ಕೈಗೂಡಿತು. ಇದಾದ ಮೇಲೆ ಆ ದೇಶದ ನೂರಾರು ಕಡೆ ಹಳೆಯ ರೈಲು ಮಾರ್ಗಗಳು ಹೀಗೆ ಜನರ ದಾರಿಗಳಾದವು.

ಊರಿನ ನಡುವೆ ಉಳಿಸಿದ ಕಾಡು

ಹೋಗುತ್ತ ಹೋಗುತ್ತ ಪೇಟೆ ಮುಗಿದು ಓಕ್ ಮರಗಳ ನೆರಳು ಬರುತ್ತದೆ. ಇವು ಕೌಂಟಿ, ಅಂದರೆ ಅಲ್ಲಿನ ಜಿಲ್ಲೆ, ಕಾಯುವ ಕಾಡುಗಳು. ಇಲಿನಾಯ್ ಶಾಸನಸಭೆ 1913ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ಶಿಕಾಗೋ ಇರುವ ಕುಕ್ ಕೌಂಟಿ 1916ರಲ್ಲಿ ಮೊದಲ ಜಾಗ ಕೊಂಡಿತು. ಇಂದು ಆ ಒಂದೇ ಕೌಂಟಿಯಲ್ಲಿ ಸುಮಾರು 70,000 ಎಕರೆ ಇದೆ. ನಾವು ತಿರುಗಿದ ಕೇನ್ ಕೌಂಟಿಯ ಮಂಡಳಿ 1925ರದು. ಜನರು ಕೊಡುವ ಆಸ್ತಿ ತೆರಿಗೆಯ ಒಂದು ಪಾಲು ಇದಕ್ಕೆ ಹೋಗುತ್ತದೆ.

ಆದರೆ ಒಂದು ಮಾತು ಮುಚ್ಚಿಡಬಾರದು. ಬೇಕಾದ ಜಾಗವನ್ನು ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರವೂ ಈ ಮಂಡಳಿಗಳಿಗೆ ಕಾನೂನಿನಲ್ಲಿದೆ. ಕೃಷಿಕರಾದ ನಮಗೆ ಇದು ಕಿವಿ ನೆಟ್ಟಗಾಗಿಸುವ ಸಂಗತಿ. ಇನ್ನೂ ಹಿಂದೆ ಹೋದರೆ, ಈ ನದೀತೀರ ಪೊಟವಾಟಮಿ ಎಂಬ ಮೂಲನಿವಾಸಿಗಳದ್ದು. 1833ರ ಒಪ್ಪಂದದ ಬಳಿಕ ಅವರನ್ನು ಪಶ್ಚಿಮಕ್ಕೆ ಕಳುಹಿಸಲಾಯಿತು. ನಾವು ಸುಖವಾಗಿ ಸೈಕಲು ತುಳಿದ ನೆಲಕ್ಕೆ ಈ ಲೆಕ್ಕವೂ ಇದೆ.

ಕೃಷಿಕರು ನೋಡಬೇಕಾದದ್ದು

ಇಲಿನಾಯ್ ಹಿಂದೆ ಆಳೆತ್ತರದ ಹುಲ್ಲುಗಾವಲಿನ ನಾಡು. ಆ ಹುಲ್ಲಿನ ಬೇರು ಎಂಟು ಹತ್ತು ಅಡಿ ಇಳಿಯುತ್ತಿತ್ತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಅಂಟುಮಣ್ಣಿಗೆ ಒಗ್ಗುವ ಉಕ್ಕಿನ ನೇಗಿಲು ಮಾಡಿದ್ದು ಇದೇ ರಾಜ್ಯದಲ್ಲಿ. ಈಗ ಎಲ್ಲೆಲ್ಲೂ ಮೆಕ್ಕೆಜೋಳ, ಸೋಯಾ. ಹಳೆಯ ಹುಲ್ಲುಗಾವಲು ನೂರರಲ್ಲಿ ಒಂದು ಪಾಲೂ ಉಳಿದಿಲ್ಲ. ಉಳಿದ ತುಂಡುಗಳನ್ನು ಈ ಮಂಡಳಿಗಳು ಬಿತ್ತಿ, ಕಾಲಕಾಲಕ್ಕೆ ಕಾವಲಿಟ್ಟು ಬೆಂಕಿ ಹಾಕಿ ಕಾಪಾಡುತ್ತಿವೆ.

ಬಟೇವಿಯ ಊರು ಹಿಂದೆ ಗಾಳಿಯಂತ್ರಗಳಿಗೆ ಹೆಸರಾಗಿತ್ತು. ಬಾವಿಯಿಂದ ನೀರೆತ್ತುವ ಯಂತ್ರಗಳು ಇಲ್ಲಿನ ಕಾರ್ಖಾನೆಗಳಿಂದ ದೂರದೂರದ ಹೊಲಗಳಿಗೆ ಹೋಗುತ್ತಿದ್ದವು. ಸ್ವಲ್ಪ ಮುಂದೆ ಜೆನೀವದ ಹತ್ತಿರ, ದಾರಿಯ ಬದಿಯಲ್ಲೇ, 68 ಅಡಿ ಎತ್ತರದ ಮರದ ಗಾಳಿಗಿರಣಿ ನಿಂತಿದೆ. 1870ರ ದಶಕದಲ್ಲಿ ಬೇರೆಡೆ ಕಟ್ಟಿದ್ದ ಇದನ್ನು ಫೇಬಿಯನ್ ಎಂಬ ಧನಿಕ 1915ರ ಹೊತ್ತಿಗೆ ಬಿಚ್ಚಿ ತಂದು ತನ್ನ ಎಸ್ಟೇಟಿನಲ್ಲಿ ನಿಲ್ಲಿಸಿದ. ಅದೀಗ ಕೌಂಟಿಯ ಆಸ್ತಿ. ಗಾಳಿಯನ್ನೇ ಎತ್ತಿನಂತೆ ದುಡಿಸಿಕೊಂಡ ಆ ಬುದ್ಧಿಯನ್ನು ನೋಡುತ್ತ ಒಂದು ಗಂಟೆ ಕುಳಿತೆವು.

ದುಃಖದ ನೋಟವೂ ಇದೆ. ಯುರೋಪಿನಿಂದ ಬೇಲಿಗೆಂದು ತಂದ ಬಕ್‌ಥಾರ್ನ್ ಎಂಬ ಗಿಡ ಹಕ್ಕಿಗಳ ಮೂಲಕ ಕಾಡಿಡೀ ಹಬ್ಬಿ, ಓಕ್ ಸಸಿಗಳಿಗೆ ಬಿಸಿಲು ಸಿಗದಂತೆ ಮಾಡಿದೆ. ನಮ್ಮ ಗುಡ್ಡೆಗಳ ಲಂಟಾನ, ವಯನಾಡಿನ ಕಾಡು ನುಂಗುತ್ತಿರುವ ಹಳದಿ ಹೂವಿನ ಸೆನ್ನಾ ಮರ ನೆನಪಾದವು. ಅವೂ ಚಂದಕ್ಕೆಂದು ತಂದವುಗಳೇ. ಇನ್ನೊಂದು, ಏಷ್ಯಾದಿಂದ ಬಂದ ಹಸಿರು ಕೊರಕ ಹುಳು. ಆ್ಯಷ್ ಮರದ ತೊಗಟೆಯೊಳಗೆ ತಿಂದು ಮರವನ್ನೇ ಕೊಲ್ಲುತ್ತದೆ. ಇಲಿನಾಯ್ ರಾಜ್ಯದಲ್ಲಿ ಅದು ಮೊದಲು ಪತ್ತೆಯಾದದ್ದು 2006ರಲ್ಲಿ, ಇದೇ ಕೇನ್ ಕೌಂಟಿಯಲ್ಲಿ. ಸೌದೆಯೊಡನೆ ಅದು ಊರಿಂದೂರಿಗೆ ಹೋಗುತ್ತದೆ. ರೋಗ ಬಂದ ತೋಟದ ಸಸಿ, ಸೌದೆಗಳನ್ನು ಬೇರೆಡೆಗೆ ಸಾಗಿಸಬೇಡಿ ಎಂಬ ಪಾಠ ನಮಗೂ ಬೇಕು.

ನದಿಗೂ ಜಾಗ ಬೇಕು

2017ರ ಜುಲೈಯಲ್ಲಿ ಫಾಕ್ಸ್ ನದಿ ಉಕ್ಕಿ ಅಲ್ಗಾಂಕ್ವಿನ್ ಮುಂತಾದ ಊರುಗಳ ಮನೆಗಳು ನೆರೆಗೆ ಸಿಕ್ಕವು. ಆದರೆ ದಡದಲ್ಲಿ ಕಾಡು, ಹುಲ್ಲು, ಸೈಕಲು ದಾರಿ ಇರುವಲ್ಲಿ ನೀರು ಹರಡಿಕೊಳ್ಳಲು ಜಾಗವಿರುತ್ತದೆ. ದಾರಿ ಮುಳುಗಿದರೆ ನಾಲ್ಕು ದಿನ ಮುಚ್ಚಿ, ಕೆಸರು ಬಳಿದು, ಮತ್ತೆ ತೆರೆಯಬಹುದು. ಮನೆ ಮುಳುಗಿದರೆ ಹಾಗಲ್ಲ. 2018ರ ಆಗಸ್ಟಿನಲ್ಲಿ ಕೇರಳ ಕಂಡ ನೆರೆಯನ್ನು ಮರೆತಿಲ್ಲದ ನಾವು, ಹೊಳೆಬದಿಯಲ್ಲಿ ಮಣ್ಣು ತುಂಬಿಸಿ ಗೋಡೆ ಎಬ್ಬಿಸುವ ಮೊದಲು ಎರಡು ಬಾರಿ ಯೋಚಿಸಬೇಕು.

ದೇಹಕ್ಕೆ ಆದ ಲಾಭ, ಆದ ತಪ್ಪು

ಮೊದಲ ದಿನ ಹದಿನೈದು ಕಿಲೋಮೀಟರು ಹೋಗುವಷ್ಟರಲ್ಲಿ ನಮ್ಮ ಮೊಣಕಾಲು ನೋಯತೊಡಗಿತು. ಬೆಂಚಿನಲ್ಲಿ ಕುಳಿತಿದ್ದ ಅಲ್ಲಿನ ವೃದ್ಧರೊಬ್ಬರು ನೋಡಿ, ಸೀಟನ್ನು ನಾಲ್ಕು ಬೆರಳು ಏರಿಸಿಕೊಟ್ಟರು. ನೋವು ನಿಂತಿತು! ಎರಡನೆಯ ದಿನ ಸುಣ್ಣಕಲ್ಲಿನ ಪುಡಿ ಹಾಸಿದ ತಿರುವಿನಲ್ಲಿ ಮುಂದಿನ ಬ್ರೇಕನ್ನೇ ಬಲವಾಗಿ ಹಿಡಿದು ಜಾರಿ ಬಿದ್ದು ಮೊಣಕೈ ತರಚಿಕೊಂಡೆವು. ತಪ್ಪು ನಮ್ಮದೇ. ಆ ಬಳಿಕ ಗಂಟೆಗೆ ಹದಿನೈದು ಕಿಲೋಮೀಟರಿನಂತೆ, ನಡುನಡುವೆ ಇಳಿದು, ದಿನಕ್ಕೆ ಮೂವತ್ತು ಕಿಲೋಮೀಟರು ಸುಲಭವಾಗಿ ಸಾಗಿತು.

ಸೈಕಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ, ಮೊಣಕಾಲಲ್ಲ. ಆದುದರಿಂದ ನಡೆಯಲಾರದವರಲ್ಲಿ ಅನೇಕರು ತುಳಿಯಬಲ್ಲರು. ತೊಡೆಯ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ತುಸು ಏರುವಂಥ ದುಡಿಮೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಅಷ್ಟಾಯಿತು.

ಗಮನದಲ್ಲಿಡಬೇಕಾದ ಕೆಲವು ಸಂಗತಿಗಳು:

ಪೆಡಲು ಕೆಳಗೆ ಬಂದಾಗ ಮೊಣಕಾಲು ತುಸುವೇ ಮಡಚಿರುವಂತೆ ಸೀಟು ಇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆಲ್ಲವನ್ನೋ ಸಕ್ಕರೆಯನ್ನೋ ಜೇಬಿನಲ್ಲಿಡಿ. ಬೆವರು, ನಡುಕ ಬಂದರೆ ಕೂಡಲೇ ಇಳಿದು ತಿನ್ನಿ.

ಎದೆನೋವು, ತಲೆಸುತ್ತು ಇರುವವರು ಮೊದಲು ಡಾಕ್ಟರರನ್ನು ಕೇಳಿ.

ಕಾಡಿನ ದಾರಿಯಲ್ಲಿ ಹೋಗಿ ಬಂದವರು ಮೈಯಲ್ಲಿ ಉಣ್ಣಿ ಇದೆಯೇ ಎಂದು ನೋಡಿ ಸ್ನಾನ ಮಾಡಿ. ಅಲ್ಲಿ ಉಣ್ಣಿಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ನಮ್ಮಲ್ಲಿ ಮಂಗನ ಕಾಯಿಲೆ. 2015ರಲ್ಲಿ ವಯನಾಡಿನಲ್ಲಿ ಅದು ಜೀವಗಳನ್ನೇ ತೆಗೆದಿದೆ.

ಅಷ್ಟುದ್ದದ ಸಮದಾರಿ ನಮ್ಮ ಗುಡ್ಡೆಯ ಊರುಗಳಲ್ಲಿ ಇಲ್ಲ, ನಿಜ. ಆದರೆ ಗದ್ದೆಬದಿಯ ಪಂಚಾಯತ್ ರಸ್ತೆಗಳಿವೆ, ಹೊಳೆಕರೆಯ ದಾರಿಗಳಿವೆ. ಅವುಗಳನ್ನು ಬೇಲಿ ಸರಿಸಿ ಕಿರಿದು ಮಾಡದೆ ಉಳಿಸಿಕೊಂಡರೆ ಅದೇ ದೊಡ್ಡ ಕೆಲಸ.

ಊರಿಗೆ ಮರಳಿದ ಮೇಲೆ ಆ ಹಿರಿಯರ ಮನೆಗೆ ಹೋದೆವು. ಮೊಮ್ಮಗ ಬಿಟ್ಟುಹೋದ ಸೈಕಲು ಕೊಟ್ಟಿಗೆಯಲ್ಲಿ ತೂಗುತ್ತಿತ್ತು. ಇಳಿಸಿ, ಗಾಳಿ ಹಾಕಿಸಿ, ಸೀಟು ಏರಿಸಿದೆವು. ಮೊದಲ ವಾರ ಅಂಗಳದಲ್ಲೇ ಸುತ್ತು. ಈಗ ಬೆಳಿಗ್ಗೆ ಹಾಲಿನ ಸೊಸೈಟಿಗೆ ಅವರು ಸೈಕಲಿನಲ್ಲೇ ಹೋಗುತ್ತಾರೆ. ಬರುವಾಗಿನ ಏರಿನಲ್ಲಿ ಮಾತ್ರ ಇಳಿದು ನೂಕುತ್ತಾರಂತೆ. ನೂಕಲಿ, ಅದೂ ವ್ಯಾಯಾಮವೇ.