ಸರ್ವರು ಎದ್ದಾಗ ಯಾರು ಮೊದಲು, ಯಾರು ಆಮೇಲೆ?

“ಕರೆಂಟು ಹೋಗಿ ಬಂದಾಗ ಸರ್ವರು ತಾನಾಗಿ ಎದ್ದಿತು, ಅದರೊಳಗಿನ ಲೆಕ್ಕದ ಪ್ರೋಗ್ರಾಮು ಮಾತ್ರ ಏಳಲಿಲ್ಲ. ಕೈಯಿಂದ ಸುರು ಮಾಡಿದರೆ ಏನೂ ತಕರಾರಿಲ್ಲದೆ ನಡೆಯುತ್ತದೆ.” ಯುನಿಕ್ಸ್, ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವವರ ಬಾಯಲ್ಲಿ ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತೇವೆ. ಇಂಥಲ್ಲಿ ಬಹುಶಃ ಪ್ರೋಗ್ರಾಮು ಕೆಟ್ಟಿರುವುದಿಲ್ಲ, ಯಂತ್ರವೂ ಕೆಟ್ಟಿರುವುದಿಲ್ಲ. ತನಗೆ ಬೇಕಾದ ಡೇಟಾಬೇಸ್ ಏಳುವ ಮೊದಲೇ ಅದು ಎದ್ದಿರುತ್ತದೆ, ಅಷ್ಟೆ.

ಯಂತ್ರ ಎಚ್ಚೆತ್ತಾಗ ಕರ್ನೆಲ್ ಮೊದಲು ಒಂದೇ ಒಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಅದರ ನಂಬರು ೧, ರೂಢಿಯ ಹೆಸರು ಇನಿಟ್. ಉಳಿದ ಸೇವೆಗಳನ್ನು ಎಬ್ಬಿಸುವ ಜವಾಬ್ದಾರಿ ಅದರದು. ಹಿಂದಿನ ಸಿಸ್ಟಮ್ ಫೈವ್ ಪದ್ಧತಿಯಲ್ಲಿ ಸರದಿಯು ಫೈಲಿನ ಹೆಸರಿನಲ್ಲಿಯೇ ಇರುತ್ತಿತ್ತು: ಎಸ್ ಅಕ್ಷರ, ಮುಂದೆ ಎರಡಂಕಿ. ಎಸ್೧೦ ಆದ ಮೇಲೆ ಎಸ್೬೪, ಅದಾದ ಮೇಲೆ ಎಸ್೮೫. ಸುಲಭವಾದದ್ದೇ, ಆದರೆ ೮೫ ಏಕೆ ೬೪ರ ಹಿಂದೆ ನಿಂತಿದೆ ಎಂಬ ಕಾರಣವನ್ನು ಆ ಅಂಕಿ ಹೇಳುತ್ತಿರಲಿಲ್ಲ. ಇಟ್ಟವನು ಕೆಲಸ ಬಿಟ್ಟರೆ ಕಾರಣವೂ ಅವನ ಸಂಗಡ ಹೋಯಿತು! ೨೦೦೦ದಲ್ಲಿ ಬಂದ ನೆಟ್‌ಬಿಎಸ್‌ಡಿ ೧.೫ ಬೇರೆ ದಾರಿ ಹಿಡಿಯಿತು. ‘ನಾನು ಏನು ಕೊಡುತ್ತೇನೆ, ನನಗೆ ಏನು ಬೇಕು’ ಎಂಬುದನ್ನು ಆಯಾ ಸೇವೆಯ ಫೈಲಿನಲ್ಲೇ ಬರೆದಿಟ್ಟರೆ, ಆರ್‌ಸಿಆರ್ಡರ್ ಎಂಬ ಪ್ರೋಗ್ರಾಮು ಸರದಿ ಹಾಕುತ್ತದೆ.

ಇಂದು ಬಹುತೇಕ ಲಿನಕ್ಸ್ ಸರ್ವರುಗಳಲ್ಲಿರುವುದು ೨೦೧೦ರಲ್ಲಿ ಹೊರಬಂದ ಸಿಸ್ಟಮ್‌ಡಿ. ಇದು ಸಾಧ್ಯವಾದಷ್ಟು ಸೇವೆಗಳನ್ನು ಏಕಕಾಲಕ್ಕೆ ಎಬ್ಬಿಸುತ್ತದೆ. ಆದುದರಿಂದ ಸರದಿ ಬೇಕಾದಲ್ಲಿ ಬಾಯಿಬಿಟ್ಟು ಹೇಳಬೇಕು. ಬಹಳ ಜನ ಎಡವುವುದು ಇಲ್ಲಿಯೇ. ‘ರಿಕ್ವೈರ್ಸ್’ ಎಂದು ಬರೆದರೆ ‘ನನ್ನ ಸಂಗಡ ಅವನೂ ಬೇಕು’ ಎಂದರ್ಥ. ಅವನು ಮೊದಲು ಬರಬೇಕೆಂದಲ್ಲ. ‘ಆಫ್ಟರ್’ ಎಂದು ಬರೆದರೆ ‘ಇಬ್ಬರೂ ಬರುವುದಿದ್ದರೆ ನಾನು ಅವನ ಹಿಂದೆ’ ಎಂದರ್ಥ. ಅವನನ್ನು ಕರೆಯಿರಿ ಎಂದಲ್ಲ. ಮದುವೆಗೆ ಪುರೋಹಿತರನ್ನು ಕರೆಯುವುದು ಬೇರೆ, ಅವರು ವರನಿಗಿಂತ ಮೊದಲು ಮಂಟಪಕ್ಕೆ ಬರುವುದು ಬೇರೆ ಅಲ್ಲವೆ? ಲೆಕ್ಕದ ಪ್ರೋಗ್ರಾಮಿಗೆ ಡೇಟಾಬೇಸ್ ಬೇಕು, ಅದೂ ಮೊದಲೇ ಬೇಕು. ಅಂದಮೇಲೆ ಎರಡೂ ಸಾಲು ಬರೆಯತಕ್ಕದ್ದು. ಡೇಟಾಬೇಸ್ ಏಳದಿದ್ದರೂ ನಡೆದೀತು ಎಂಬಂತಿದ್ದರೆ ರಿಕ್ವೈರ್ಸ್ ಬದಲು ‘ವಾಂಟ್ಸ್’ ಸಾಕು. ಯಂತ್ರ ನಿಲ್ಲಿಸುವಾಗ ಈ ಸರದಿ ತಾನಾಗಿ ತಿರುವುಮುರುವಾಗುತ್ತದೆ.

ಇಷ್ಟಾದರೂ ಒಲೆ ಹೊತ್ತಿಸಿದ ಕೂಡಲೆ ಅನ್ನ ಆಗುವುದಿಲ್ಲ. ‘ಸಿಂಪಲ್’ ಜಾತಿಯ ಸೇವೆಯನ್ನು ಹೊರಡಿಸಿದೊಡನೆ ಸಿಸ್ಟಮ್‌ಡಿ ‘ಆಯಿತು’ ಎಂದು ಮುಂದಕ್ಕೆ ಹೋಗುತ್ತದೆ. ‘ನೋಟಿಫೈ’ ಜಾತಿಯದಾದರೆ, ‘ನಾನು ಸಿದ್ಧ’ ಎಂದು ಆ ಸೇವೆಯೇ ತಿಳಿಸುವತನಕ ಕಾಯುತ್ತದೆ. ‘ಸ್ಲೀಪ್ ೩೦’ ಎಂದು ಬರೆದು ಸಮಾಧಾನಪಡುವವರುಂಟು. ಡಿಸ್ಕು ನಿಧಾನವಾದ ದಿನ ಆ ಮೂವತ್ತು ಸೆಕೆಂಡು ಸಾಲುವುದಿಲ್ಲ. ನೆಟ್‌ವರ್ಕಿನದೂ ಇದೇ ಕಥೆ. ‘ನೆಟ್‌ವರ್ಕ್ ಟಾರ್ಗೆಟ್’ ಮುಟ್ಟಿದ ಮಾತ್ರಕ್ಕೆ ಯಂತ್ರಕ್ಕೆ ವಿಳಾಸ ಸಿಕ್ಕಿತೆಂದಲ್ಲ. ಅದು ಬೇಕಿದ್ದರೆ ‘ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್’ ಹೆಸರನ್ನು ವಾಂಟ್ಸ್, ಆಫ್ಟರ್ ಎರಡರಲ್ಲಿಯೂ ಬರೆಯಬೇಕು.

ಸೇವೆ ಏಳದಿದ್ದರೆ ಗೊತ್ತಾದರೂ ಆಗುತ್ತದೆ. ತಪ್ಪು ಸರದಿಯಲ್ಲಿ ಎದ್ದು ಕೆಲಸ ಮಾಡತೊಡಗಿದರೆ ಹೆಚ್ಚು ಅಪಾಯ. ಲೆಕ್ಕವೆಲ್ಲ ಬೇರೊಂದು ಡಿಸ್ಕಿನಲ್ಲಿದೆ ಎನ್ನಿ. ಆ ಡಿಸ್ಕು ಜೋಡಣೆಯಾಗುವ ಮೊದಲೇ ಪ್ರೋಗ್ರಾಮು ಎದ್ದರೆ ಅದಕ್ಕೆ ಕಾಣುವುದು ಖಾಲಿ ಡೈರೆಕ್ಟರಿ. ಕೆಲವು ಪ್ರೋಗ್ರಾಮುಗಳು ‘ಹೊಸ ಮನೆ ಇರಬೇಕು’ ಎಂದು ಖಾಲಿ ಪುಸ್ತಕ ತೆರೆದು ಬರೆಯತೊಡಗುತ್ತವೆ. ಆಮೇಲೆ ಡಿಸ್ಕು ಅದೇ ಜಾಗದ ಮೇಲೆ ಬಂದು ಕೂತರೆ ಈ ಹೊಸ ಬರಹ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬೆಳಗಿನ ಜಮೆಯೆಲ್ಲ ಎಲ್ಲಿ ಹೋಯಿತೆಂದು ಸಂಜೆ ಹುಡುಕಬೇಕು! ಇದನ್ನು ತಡೆಯಲು ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂಬ ಒಂದು ಸಾಲು ಬರೆದು ಡೈರೆಕ್ಟರಿಯ ದಾರಿ ಕೊಟ್ಟರಾಯಿತು. ಬೇಕು ಎಂಬುದನ್ನೂ ಮೊದಲು ಎಂಬುದನ್ನೂ ಅದೊಂದೇ ಸಾಲು ಹೇಳುತ್ತದೆ.

ಈ ಸಾಲುಗಳನ್ನು ಕಂಪನಿಯಿಂದ ಬಂದ ಫೈಲಿನಲ್ಲಿ ತಿದ್ದಬಾರದು. ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತವೆ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆಜ್ಞೆ ಕೊಟ್ಟರೆ ತಿದ್ದುಪಡಿಗೆ ಪ್ರತ್ಯೇಕ ಫೈಲು ಸಿಗುತ್ತದೆ. ಯಾರು ಯಾರಿಗಾಗಿ ಎಷ್ಟು ಹೊತ್ತು ಕಾದರೆಂಬುದನ್ನು ‘ಸಿಸ್ಟಮ್‌ಡಿ ಅನಲೈಜ್ ಕ್ರಿಟಿಕಲ್ ಚೈನ್’ ತೋರಿಸುತ್ತದೆ. ಸೇವೆಯೊಂದನ್ನೇ ನಿಲ್ಲಿಸಿ ಹಚ್ಚಿ ನೋಡಿದರೆ ಪರೀಕ್ಷೆಯಾಗಲಿಲ್ಲ, ಏಕೆಂದರೆ ಆ ಹೊತ್ತಿಗೆ ಉಳಿದವರೆಲ್ಲ ಎದ್ದು ಕೂತಿರುತ್ತಾರೆ. ಕೆಲಸವಿಲ್ಲದ ಹೊತ್ತು ನೋಡಿ, ಇಡೀ ಯಂತ್ರವನ್ನೇ ಎರಡು ಮೂರು ಸಲ ರೀಬೂಟ್ ಮಾಡಿ ನೋಡಬೇಕು.